ಮೆಣಸಿನ ಬೀಜಕ್ಕೆ ನೀರು ಸಾಕು, ಶಾಖ ಬೇಕು

ಕುಂಡದಲ್ಲಿ ಮೆಣಸಿನಕಾಯಿ ಬೀಜ ಹಾಕಿ ಹತ್ತು ದಿನ ಕಾದರೂ ಏನೂ ಏಳದಿದ್ದರೆ ಮೊದಲು ಬೈಸಿಕೊಳ್ಳುವುದು ಬೀಜ, ಆಮೇಲೆ ಬೀಜದ ಅಂಗಡಿ. ಈ ನಡುವೆ ಕುಂಡಕ್ಕೆ ದಿನಕ್ಕೆರಡು ಸಲ ನೀರು ಬೀಳುತ್ತಲೇ ಇರುತ್ತದೆ. ಮನೆಯಲ್ಲಿ ಮೆಣಸಿನ ಬೀಜ ಮೊಳೆಯದೆ ಹೋಗುವುದಕ್ಕೆ ಬಹುತೇಕ ಕಾರಣ ಆ ನೀರೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕಾದ ಶಾಖ ಸಿಗದ ಬೀಜಕ್ಕೆ ಬೇಡದಷ್ಟು ನೀರು ಸಿಕ್ಕಿರುತ್ತದೆ, ಅಷ್ಟೆ.

ರಾತ್ರಿ ನೆನೆಸಿದರೆ ಮರುದಿನ ಬಾಲ ಬಿಡುವ ಹೆಸರುಕಾಳಿನ ಜಾತಿಯದಲ್ಲ ಇದು. ಮೆಣಸಿನ ಬೀಜದೊಳಗೆ ಸುರುಳಿಯಾಗಿ ಮಲಗಿರುವ ಭ್ರೂಣದ ಸುತ್ತ ಗಟ್ಟಿಯಾದ ಆಹಾರದ ಪದರವಿದೆ. ಬೇರಿನ ತುದಿ ಅದನ್ನು ಭೇದಿಸಿಕೊಂಡೇ ಹೊರಬರಬೇಕು. ಆ ಪದರವನ್ನು ಮೆತ್ತಗೆ ಮಾಡುವ ಕಿಣ್ವಗಳ ವೇಗ ನಿಂತಿರುವುದು ಉಷ್ಣಾಂಶದ ಮೇಲೆ. ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಳಕೆಗೆ ಸುಮಾರು 8 ದಿನ ಸಾಕು. 20 ಡಿಗ್ರಿಗೆ ಇಳಿದರೆ 12–13 ದಿನ ಬೇಕು, 15ಕ್ಕೆ ಇಳಿದರೆ ಮೂರು ವಾರವೂ ಮೀರುತ್ತದೆ. 10 ಡಿಗ್ರಿಯಲ್ಲಿ ಬೀಜ ಮಿಸುಕುವುದೇ ಇಲ್ಲ. ‘ನಮ್ಮದು ಬಿಸಿಲಿನ ನಾಡು, ಇಲ್ಲಿ ಶಾಖಕ್ಕೇನು ಬರ’ ಎಂದು ಯಾರಾದರೂ ಕೇಳಬಹುದು. ಆದರೆ ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿಯುವುದು ಮಾಮೂಲು. ನೆಲದ ಮಣ್ಣು ಹಗಲಿನ ಬಿಸಿಯನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ತಾರಸಿಯ ಮೇಲಿನ ಸಣ್ಣ ಕುಂಡಕ್ಕೆ ಆ ಶಕ್ತಿಯಿಲ್ಲ. ಅದಕ್ಕೆ ಮತ್ತೆ ಮತ್ತೆ ತಣ್ಣೀರು ಸುರಿದರೆ ಇದ್ದಬದ್ದ ಶಾಖವೂ ಹೋಗುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಂಡಾಗ, ಉಸಿರಾಡಬೇಕಾದ ಬೀಜ ಅಲ್ಲೇ ಕೊಳೆಯುತ್ತದೆ.

ಸಸಿ ಬೆಳೆಸಿ ಮಾರುವ ನರ್ಸರಿಗಳ ಕ್ರಮವೇ ಈ ಮಾತಿಗೆ ಸಾಕ್ಷಿ. ಅಲ್ಲಿ 98 ಗುಳಿಗಳ ಟ್ರೇಗೆ ತೇವವಾದ ಕೊಕೊಪೀಟ್ ತುಂಬಿ, ಗುಳಿಗೊಂದು ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿಟ್ಟು ಮುಚ್ಚುತ್ತಾರೆ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥೀನ್ ಹಾಳೆ ಹೊದಿಸಿ ಬಿಡುತ್ತಾರೆ. ಮೊಳಕೆ ಇಣುಕುವ ತನಕ ಮತ್ತೆ ನೀರಿಲ್ಲ. ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಬಿಸಿಯೂ ಉಳಿಯುತ್ತದೆ. ಬೀಜದಿಂದಲೇ ಹೊಟ್ಟೆ ಹೊರೆಯುವವರು ನೀರಿನಲ್ಲಿ ಇಷ್ಟು ಕೈಬಿಗಿ ಮಾಡುವಾಗ ನಾವು ಧಾರಾಳಿಗಳಾಗುವುದು ಯಾಕೆ? ಮನೆಯಲ್ಲಿ ಮುಚ್ಚಳವಿರುವ ಸ್ವೀಟ್ ಬಾಕ್ಸ್ ಇದ್ದರೂ ನಡೆದೀತು. ನೆನೆಸಿದ ಕೊಕೊಪೀಟನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ, ಧಾರೆ ಇಳಿದರೆ ನೀರು ಹೆಚ್ಚಾಯಿತು. ಚಳಿಗಾಲದಲ್ಲಿ ಡಬ್ಬಿಯನ್ನು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿಡಿ, ಬಿಸಿಗಾಳಿ ಮೇಲೇರುವುದರಿಂದ ಅಲ್ಲಿ ಸ್ವಲ್ಪ ಬೆಚ್ಚಗಿರುತ್ತದೆ. ಮುಚ್ಚಿದ ಡಬ್ಬಿಯನ್ನು ನೇರ ಬಿಸಿಲಿಗೆ ಇಡುವುದು ಮಾತ್ರ ಬೇಡ, ಬೀಜ ಬೆಂದೇ ಹೋಗುತ್ತದೆ.

‘ಹಿತ್ತಲಿಗೆ ಎಸೆದ ಕೊಳೆತ ಹಣ್ಣಿನಿಂದ ತಾನಾಗಿ ಗಿಡ ಹುಟ್ಟುತ್ತದಲ್ಲ, ಇಷ್ಟೊಂದು ಉಪಚಾರ ಯಾಕೆ’ ಎನ್ನುವವರಿದ್ದಾರೆ. ಹುಟ್ಟುತ್ತದೆ, ನಿಜ. ಆದರೆ ಒಂದು ಹಣ್ಣಿನಲ್ಲೇ ಹತ್ತಾರು ಬೀಜಗಳಿರುತ್ತವೆ. ವರ್ಷವಿಡೀ ಬಿದ್ದ ಬೀಜಗಳಲ್ಲಿ ಹದವಾದ ಬಿಸಿ, ಹದವಾದ ತೇವ ಸಿಕ್ಕ ಒಂದೋ ಎರಡೋ ಮೇಲೆದ್ದಿರುತ್ತವೆ. ಎದ್ದದ್ದು ಕಣ್ಣಿಗೆ ಬೀಳುತ್ತದೆ, ಸತ್ತದ್ದರ ಲೆಕ್ಕ ಇಟ್ಟವರಿಲ್ಲ. ಹತ್ತೇ ಬೀಜ ಕೈಯಲ್ಲಿರುವವರು ಆ ಲೆಕ್ಕವನ್ನು ನಂಬಿ ಕೂರುವಂತಿಲ್ಲ.

ಬೀಜದ ದೋಷ ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ನಮ್ಮ ದೇಶದ ಬೀಜ ಪ್ರಮಾಣೀಕರಣದ ಮಾನದಂಡದಲ್ಲೇ ಮೆಣಸಿನಕಾಯಿಗೆ ಕನಿಷ್ಠ ಮೊಳಕೆ ಪ್ರಮಾಣ ಶೇ 60; ಟೊಮೆಟೊಗೆ ಶೇ 70. ಅಂದರೆ ಹತ್ತರಲ್ಲಿ ಆರು ಮೊಳೆತರೂ ಅದು ಪಾಸಾದ ಬೀಜವೇ. ಎರಡು ಮೂರು ವರ್ಷ ದಾಟಿದರೆ ಕಸುವು ಇನ್ನೂ ಇಳಿಯುತ್ತದೆ. ಅಂಗಡಿಯ ಬ್ಯಾಡಗಿ ಒಣಮೆಣಸಿನಕಾಯಿಯ ಬೀಜವೂ ಮೊಳೆಯಬಹುದು, ಆದರೆ ಅದರ ವಯಸ್ಸು ಯಾರಿಗೂ ಗೊತ್ತಿರುವುದಿಲ್ಲ. ಜೇನ್ನೊಣಗಳು ಪಕ್ಕದ ಗಿಡದ ಪರಾಗ ತಂದಿದ್ದರೆ ಮುಂದಿನ ಕಾಯಿ ಬ್ಯಾಡಗಿಯ ಸುಕ್ಕು, ಬಣ್ಣ ಬಿಟ್ಟು ಬೇರೆಯೇ ಆಗಬಹುದು. ಬೀಜದ ಬಗ್ಗೆ ಅನುಮಾನವಿದ್ದರೆ ಹತ್ತು ಬೀಜಗಳನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಬೆಚ್ಚಗಿಟ್ಟು ಪರೀಕ್ಷಿಸಬಹುದು. ಬಿಳಿ ಬೇರು ಚುಕ್ಕೆಯಷ್ಟು ಕಂಡ ಕೂಡಲೇ ಮಣ್ಣಿಗೆ ಇಳಿಸಬೇಕು, ತಡವಾದರೆ ಬೇರು ಕಾಗದಕ್ಕೇ ಅಂಟಿ ಮುರಿಯುತ್ತದೆ. ಔಷಧಿ ಲೇಪಿಸಿದ ಬಣ್ಣದ ಬೀಜ ಮುಟ್ಟಿದರೆ ಕೈ ತೊಳೆಯುವುದನ್ನು ಮರೆಯಬಾರದು.

ಮೊಳಕೆ ಮೊದಲು ಬಾಗಿದ ಕುಣಿಕೆಯಾಗಿ ಕಾಣಿಸಿಕೊಂಡು, ಆಮೇಲೆ ನೆಟ್ಟಗಾಗುತ್ತದೆ. ಕೆಲವು ಸಸಿಗಳ ಎಲೆಗಳು ಬೀಜದ ಸಿಪ್ಪೆಯೊಳಗೇ ಸಿಕ್ಕಿಕೊಂಡಿರುತ್ತವೆ. ಅದನ್ನು ಕಿತ್ತರೆ ಕುಡಿಯೇ ಹೋದೀತು. ಒಂದು ಹನಿ ನೀರು ತಾಕಿಸಿ, ಮೆತ್ತಗಾಗುವವರೆಗೆ ಬಿಡಿ. ಮುಚ್ಚಳವನ್ನು ಅಂದೇ ತೆಗೆದು ಬೆಳಕಿಗೆ ಇಡಬೇಕು. ಕತ್ತಲಲ್ಲಿ ಸಸಿ ಸೊರಗಿ ಉದ್ದವಾಗುತ್ತದೆ, ತೇವದ ಡಬ್ಬಿಯಲ್ಲೇ ಉಳಿದರೆ ಶಿಲೀಂಧ್ರ ತಗುಲಿ ಬುಡ ಕೊಳೆತು ಬೀಳುತ್ತದೆ. ಮಣ್ಣಿನ ಮೇಲ್ಪದರ ಒಣಗಿದ ಮೇಲಷ್ಟೇ ಮತ್ತೆ ನೀರು, ಅದೂ ಬೆಳಿಗ್ಗೆ. ಗಾಂಧಾರಿಯಂಥ ಸಣ್ಣ ಖಾರದ ತಳಿಗಳು ಇನ್ನೂ ನಿಧಾನಿ. ಅವುಗಳ ಡಬ್ಬಿಯನ್ನು ಒಂದು ತಿಂಗಳಾದರೂ ಬೆಚ್ಚಗಿಟ್ಟು ಕಾಯಬೇಕು.