ಮಳೆ ಬಿಟ್ಟರೆ ಮದ್ದು, ಸಿಗ್ನಲ್ ಸಿಕ್ಕರೆ ಸ್ಟ್ಯಾಂಡ್‌ಅಪ್

ಮಳೆಗಾಲದ ಆಟಿ ತಿಂಗಳ ರಾತ್ರಿ ಒಂಬತ್ತೂವರೆ. ಅಪ್ಪ ಉಂಡು ಮಲಗುವ ಹೊತ್ತಿಗೆ ಮಗನ ಸಾಫ್ಟ್‌ವೇರ್ ತಂಡದ ಮೀಟಿಂಗ್ ಶುರು. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗ್ಗೆ ಒಂಬತ್ತು. ನಿನ್ನೆ ಏನಾಯಿತು, ಇವತ್ತು ಏನು, ಅಡ್ಡಿ ಏನಾದರೂ ಇದೆಯೇ? ಹದಿನೈದು ನಿಮಿಷದ ಸ್ಟ್ಯಾಂಡ್‌ಅಪ್‌ನಲ್ಲಿ ಹೇಳಬೇಕಾದ್ದು ಇಷ್ಟೇ. ಘಟ್ಟದ ಬುಡದ ಸುಳ್ಯ, ಕಡಬದ ಅಡಿಕೆ ತೋಟದ ಮನೆಗಳಲ್ಲಿ ಕೂತವರಿಗೆ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ: ಕರೆಂಟಿಲ್ಲ, ಇನ್ವರ್ಟರ್ ಕೂಗುತ್ತಿದೆ.

ಈ ಕಾರ್ಯಪದ್ಧತಿಗೆ ‘ಅಜೈಲ್’ ಎಂದು ಹೆಸರು ಬಿದ್ದದ್ದು 2001ರ ಫೆಬ್ರವರಿಯಲ್ಲಿ. ಅಮೆರಿಕದ ಯೂಟಾದ ಸ್ನೋಬರ್ಡ್ ಎಂಬ ಹಿಮದೂರಿನಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಸೇರಿ ಪ್ರಣಾಳಿಕೆಯೊಂದನ್ನು ಬರೆದರು. ವರ್ಷಗಟ್ಟಲೆ ಯೋಜನೆ ಹಾಕಿ ಕೊನೆಗೆ ಒಮ್ಮೆಲೇ ಒಪ್ಪಿಸುವ ಬದಲು, ತುಂಡು ತುಂಡಾಗಿ ಕೊಡುವುದು, ಗ್ರಾಹಕನನ್ನು ಕೇಳಿ ತಿದ್ದುವುದು. ಒಂದೊಂದು ತುಂಡಿನ ಅವಧಿಯೇ ಸ್ಪ್ರಿಂಟ್. ಹೆಚ್ಚಿನ ತಂಡಗಳಲ್ಲಿ ಎರಡು ವಾರ. ಮುಖಾಮುಖಿ ಮಾತೇ ಉತ್ತಮ ಎಂಬುದೂ ಅದರ 12 ತತ್ವಗಳಲ್ಲಿ ಒಂದು.

2020ರ ಲಾಕ್‌ಡೌನ್ ಆ ತತ್ವವನ್ನು ಮಗುಚಿ ಹಾಕಿತು. ಬೆಂಗಳೂರಿನ ರೂಮು ಬಿಟ್ಟು ಪುತ್ತೂರು ಸೀಮೆಗೆ ಮರಳಿದವರು ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆದರು. ಕೆಲಸ ಬರೆದು ಆಫೀಸಿನ ಗೋಡೆಗೆ ಅಂಟಿಸುತ್ತಿದ್ದ ಹಳದಿ ಚೀಟಿಗಳು ‘ಜಿರಾ’ ಎಂಬ ತಂತ್ರಾಂಶದ ಪರದೆಗೆ ಹೋದವು. ಚಾವಡಿಗೆ ಸಿಗ್ನಲ್ ಬಾರದವರು ಗುಡ್ಡೆ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ, ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಸುತ್ತಿತು. ಇಂಜಿನಿಯರುಗಳ ಪಾಡೂ ಅದೇ ಗುಡ್ಡೆಯದ್ದು.

ಅಂಗಳದಾಚೆ ಇನ್ನೊಂದು ಸ್ಪ್ರಿಂಟ್ ಓಡುತ್ತಿರುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಮಳೆ ಬಲಿಯುವ ಮೊದಲು ಒಂದು ಸುತ್ತು ಮದ್ದು, 40–45 ದಿನ ಬಿಟ್ಟು ಮತ್ತೊಂದು. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಈ ಬೋರ್ಡೊ ದ್ರಾವಣ ಸರಿಯಾಯಿತೇ ಎಂದು ತಿಳಿಯಲು ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಮರಕ್ಕೆ ಹೋಗುವ ಮೊದಲೇ ಟೆಸ್ಟಿಂಗ್! ಮದ್ದು ಬಿಡುವವರು ಸಿಕ್ಕ ದಿನ ಮಳೆ ಬಿಡದಿದ್ದರೆ ಪ್ಲ್ಯಾನ್ ಪೂರ್ತಿ ಮುಂದಕ್ಕೆ.

ತಡವಾಗಿ ಬಂದ ಬದಲಾವಣೆಯನ್ನೂ ಸ್ವಾಗತಿಸಿ ಎನ್ನುತ್ತದೆ ಅಜೈಲ್. ಬರೆದವರು ಗ್ರಾಹಕನ ಮನಸ್ಸನ್ನು ಲೆಕ್ಕಕ್ಕೆ ಹಿಡಿದಿದ್ದರು, ಘಟ್ಟದ ಬುಡದ ಮಳೆಯನ್ನು ಹಿಡಿದಿರಲಿಲ್ಲ. ಮದ್ದಿನ ಎರಡನೇ ಸುತ್ತು ಸ್ಪ್ರಿಂಟಿನ ಕೊನೆಯ ದಿನಕ್ಕೇ ಬಿದ್ದರೆ, ರಜೆ ಹಾಕುವುದೋ ಬೇಡವೋ ಎಂದು ತೀರ್ಮಾನವಾಗುವುದು ಹಿಂದಿನ ರಾತ್ರಿ, ಸ್ಟ್ಯಾಂಡ್‌ಅಪ್ ಮುಗಿಸಿ ಅಂಗಳಕ್ಕಿಳಿದು ಆಕಾಶ ನೋಡಿದ ಮೇಲೆ.