ಕರ್ಣದ ಹಾದಿಯ ನೆಲಗಟ್ಟು

ಪಿಂಗಾಣಿ ಬಿಲ್ಲೆಗಳನ್ನು ಗೋಡೆಯ ಸರಿಸಮಕ್ಕೆ ಸಾಲಾಗಿ ಹಾಸುವುದು ರೂಢಿಯ ಕ್ರಮ. ಅವೇ ಬಿಲ್ಲೆಗಳನ್ನು 45 ಡಿಗ್ರಿ ತಿರುಗಿಸಿ, ಮೂಲೆಗಳು ಗೋಡೆಯನ್ನು ನೋಡುವಂತೆ ಕೂರಿಸಿದರೆ ನೆಲದ ಚಹರೆಯೇ ಬದಲಾಗುತ್ತದೆ. ಇಕ್ಕಟ್ಟಾದ ಹಜಾರ ತುಸು ಅಗಲವಾದಂತೆ ತೋರುತ್ತದೆ. ಇದನ್ನು ಬರಿಯ ಷೋಕಿಯೆಂದು ತಳ್ಳಿಹಾಕುವವರುಂಟು. ನನಗೆ ಹಾಗೆನ್ನಿಸುವುದಿಲ್ಲ.

ಹಳೆಯ ಮನೆಗಳಲ್ಲಿ ನಾಲ್ಕು ಮೂಲೆಯೂ ಮೂಲೆಮಟ್ಟಕ್ಕೆ ಕೂಡಿಬರುವ ಕೋಣೆ ಅಪರೂಪ. ಅಂಥ ಕಡೆ ಬಿಲ್ಲೆಗಳನ್ನು ನೇರವಾಗಿ ಹಾಸಿದರೆ ಕಡೆಯ ಸಾಲು ಒಂದು ತುದಿಯಲ್ಲಿ ಮೂರಂಗುಲವಾಗಿ, ಇನ್ನೊಂದು ತುದಿಯಲ್ಲಿ ಒಂದಂಗುಲವಾಗಿ ಸೊರಗಿ, ಗೋಡೆಯ ಡೊಂಕನ್ನು ಬಂದವರಿಗೆಲ್ಲ ಸಾರುತ್ತದೆ. ಓರೆಯ ಹಾಸಿನಲ್ಲಿ ಯಾವ ಸಂದೂ ಗೋಡೆಯ ಜೊತೆಜೊತೆಗೆ ಓಡುವುದಿಲ್ಲ. ಆದುದರಿಂದ ಡೊಂಕು ಕಣ್ಣಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ಕೆಲಸದ ಮೊದಲು ಎದುರುಬದುರು ಗೋಡೆಗಳ ನಡುವನ್ನು ಗುರುತಿಸಿ ಎರಡು ದಾರಗಳನ್ನು ಅಡ್ಡಲಾಗಿ ಬಿಗಿಯುತ್ತಾರೆ. ಒಂದರ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಅಳೆದಾಗ ಆ ಎರಡು ಗುರುತುಗಳ ನಡುವೆ ಐದಡಿ ಬಂದರೆ ದಾರಗಳು ಲಂಬವಾಗಿವೆಯೆಂದು ಅರ್ಥ. ಆಮೇಲೆ ಎರಡರ ಮೇಲೂ ಸಮದೂರದಲ್ಲಿ ಗುರುತಿಟ್ಟು ಕೂಡಿಸಿದರೆ ಬೇಕಾದ ಓರೆ ದೊರೆಯಿತು. ಇನ್ನು ಬಿಲ್ಲೆಯ ಲೆಕ್ಕ. ಒಂದಡಿ ಚೌಕದ ಬಿಲ್ಲೆಯ ಕರ್ಣವೆಷ್ಟು ಎಂದು ನಮ್ಮ ಊರಿನ ಮೇಸ್ತ್ರಿಯೊಬ್ಬರನ್ನು ಕೇಳಿದಾಗ, ಅವರು ಕರಣೆಯಿಂದ ತಲೆಯೆತ್ತದೆ, “ಹನ್ನೆರಡಕ್ಕೆ ಹದಿನೇಳು, ಮೇಷ್ಟ್ರೇ” ಎಂದರು.

ಈ ಉತ್ತರ ನನ್ನನ್ನು ಬೌಧಾಯನನ ಶುಲ್ಬಸೂತ್ರಕ್ಕೆ ಒಯ್ದಿತು. ಶುಲ್ಬವೆಂದರೆ ಹಗ್ಗ, ಯಜ್ಞವೇದಿಕೆಯ ಇಟ್ಟಿಗೆಗಳನ್ನು ಹಗ್ಗದ ಅಳತೆಯಿಂದ ಜೋಡಿಸುವ ಶಾಸ್ತ್ರವದು. ಚೌಕದ ಕರ್ಣವನ್ನು ಪಡೆಯಲು ಅಲ್ಲಿ ಹೇಳಿರುವ ವಿಧಾನ ಹೀಗಿದೆ: ಬಾಹುವಿಗೆ ಅದರ ಮೂರನೆಯ ಒಂದು ಪಾಲನ್ನು ಕೂಡಿಸಬೇಕು, ಆ ಪಾಲಿನ ನಾಲ್ಕನೆಯ ಒಂದನ್ನು ಮತ್ತೆ ಕೂಡಿಸಬೇಕು, ಕೊನೆಗೆ ಕೂಡಿಸಿದುದರ 34ನೆಯ ಒಂದು ಪಾಲನ್ನು ಕಳೆಯಬೇಕು. ಬಾಹು 12 ಅಂಗುಲವಾದರೆ, 12ಕ್ಕೆ 4 ಸೇರಿ 16. 16ಕ್ಕೆ 1 ಸೇರಿ 17. ಕಳೆಯಬೇಕಾದುದು ಅಂಗುಲದ 34ನೆಯ ಒಂದು ಪಾಲು, ಅಂದರೆ ಒಂದು ಮಿಲಿಮೀಟರಿಗೂ ಕಡಮೆ. ಸೂತ್ರಕಾರ ಅದನ್ನೂ ಬಿಡಲಿಲ್ಲ; ಮೇಸ್ತ್ರಿಯ ಪಾಲಿಗೆ ಅದು ಸಂದಿನ ಸಿಮೆಂಟಿನಲ್ಲಿ ಅಡಗಿಹೋಗುತ್ತದೆ. ಸೂತ್ರವನ್ನು ಅವರು ಓದಿದವರಲ್ಲ. ಅಳತೆಪಟ್ಟಿ ಕಲಿಸಿದ ಪಾಠವಿರಬೇಕು.

ಹತ್ತಡಿ ಅಗಲದ ಕೋಣೆಯಲ್ಲಿ ಇಂಥ ಏಳು ಬಿಲ್ಲೆಗಳು ಮೂಲೆಗೆ ಮೂಲೆ ಕೂಡಿ 119 ಅಂಗುಲವಾಗುತ್ತವೆ. ಉಳಿದ ಒಂದಂಗುಲವನ್ನು ಸಂದುಗಳೇ ನುಂಗುತ್ತವೆ. ಹನ್ನೆರಡಡಿ ಉದ್ದಕ್ಕೆ ಎಂಟು ಬಿಲ್ಲೆಗಳನ್ನಿಟ್ಟರೆ ಸಂದುಗಳನ್ನು ಕಳೆದೂ ಸುಮಾರು ಏಳಂಗುಲ ಮಿಗುತ್ತದೆ. ಬಲ್ಲವರು ಅದನ್ನು ಎರಡು ಬದಿಗೂ ಮೂರೂವರೆ ಅಂಗುಲದಂತೆ ಹಂಚಿ, ನೇರ ಬಿಲ್ಲೆಯ ಅಂಚುಪಟ್ಟಿ ಕಟ್ಟುತ್ತಾರೆ. ಅವಸರದವರು ಒಂದೇ ಬದಿಗೆ ತಳ್ಳಿ ಮಂಚದಡಿ ಮುಚ್ಚುತ್ತಾರೆ.

ಈ ಚೆಲುವಿಗೆ ತೆರುವ ಬೆಲೆಯೂ ಉಂಟು. ನೇರ ಹಾಸಿಗೆ ನೂರಕ್ಕೆ ಹತ್ತು ಬಿಲ್ಲೆ ಹೆಚ್ಚಿಗೆ ತರಿಸುವಲ್ಲಿ ಓರೆಗೆ ಹದಿನೈದು ಬೇಕೆಂಬುದು ವಾಡಿಕೆ. ಆ ಖರ್ಚನ್ನು ಮನೆಯೊಡೆಯ ತೆರುತ್ತಾನೆ. ಇನ್ನೊಂದನ್ನು ತೆರುವವನು ಕೆಲಸಗಾರ. ನಾಲ್ಕು ಗೋಡೆಗಳ ಉದ್ದಕ್ಕೂ ಒಂದೊಂದು ಬಿಲ್ಲೆಯನ್ನೂ ತ್ರಿಕೋನವಾಗಿ ಕತ್ತರಿಸಬೇಕು. ಯಂತ್ರದ ಗರಗಸದಿಂದ ಏಳುವ ಧೂಳಿನಲ್ಲಿ ಸಿಲಿಕವಿರುತ್ತದೆ; ಅದು ವರುಷಗಟ್ಟಲೆ ಎದೆಗೆ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶರೋಗ ಬರಬಹುದು. ಅಲಗಿಗೆ ನೀರು ಹನಿಸುತ್ತ ಕತ್ತರಿಸಿದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆದರೆ ಕೆಲಸ ನಿಧಾನವಾಗುತ್ತದೆ, ಅಂಗಳ ಕೆಸರಾಗುತ್ತದೆ, ಗೃಹಪ್ರವೇಶದ ಮುಹೂರ್ತ ಕಾಯುವುದಿಲ್ಲ. ಹೀಗಾಗಿ ಆ ಮೇಸ್ತ್ರಿಯ ಜೊತೆಯ ಹುಡುಗ ಮೂಗಿಗೊಂದು ಟವಲು ಸುತ್ತಿಕೊಂಡು ಒಣಬಿಲ್ಲೆಯನ್ನೇ ಕೊಯ್ಯುತ್ತಿದ್ದ. ಆ ನುಣ್ಣನೆಯ ಧೂಳನ್ನು ಟವಲು ತಡೆಯಲಾರದು.