ನಿನ್ನೆ ಏನು ಊಟ?

ರಾತ್ರಿಯ ಪಾತ್ರೆ ತೊಳೆದು, ಒಲೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ ಬಂದು ಕೂತರೆ ನಮಗೆ ನಮ್ಮದು ಅಂತ ಸಿಗುವುದು ಒಂದು ಗಂಟೆಯ ಹೊತ್ತು. ಆ ಹೊತ್ತಿನಲ್ಲಿ ನೀವೇನು ನೋಡುತ್ತೀರಿ? ಅತ್ತೆ ಸೊಸೆ ಜಗಳದ ಸೀರಿಯಲ್ಲೇ? ನಾನೂ ಅದನ್ನೇ ನೋಡುತ್ತಿದ್ದವಳು. ಈಗ ಕೆಲವು ತಿಂಗಳಿಂದ ಮಗಳ ಟ್ಯಾಬ್‌ನಲ್ಲಿ ಜಪಾನಿನ ಧಾರಾವಾಹಿ ನೋಡುವ ಗೀಳು ಹತ್ತಿದೆ. ಅವರ ಭಾಷೆ ನನಗೆ ಒಂದಕ್ಷರ ಬಾರದು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷಿನಿಂದಲೇ ಕೂಡಿಸಿ ಓದುತ್ತೇನೆ. ತಿಳಿಯದಿದ್ದರೆ ಮಗಳು ಹೇಳುತ್ತಾಳೆ, ಗೊಣಗಿಕೊಂಡೇ!

ಮೊದಲು ನೋಡಿದ್ದು ‘ನಿನ್ನೆ ಏನು ಊಟ ಮಾಡಿದೆ?’ ಎಂಬ ಅರ್ಥ ಬರುವ ಹೆಸರಿನ ಧಾರಾವಾಹಿ. ಅಡಿಗೆ ಕಾರ್ಯಕ್ರಮ ಇರಬೇಕು ಅಂತ ನೋಡಲು ಕೂತೆ. ನಿಜಕ್ಕೂ ಅಡಿಗೆಯೇ. ಆದರೆ ಅಡಿಗೆ ಮಾಡುವವನು ನಲವತ್ತು ದಾಟಿದ ಒಬ್ಬ ವಕೀಲ, ಶಿರೋ ಅಂತ. ಅದನ್ನು ಉಣ್ಣುವವನು ಕೆಂಜಿ, ಕ್ಷೌರದಂಗಡಿಯಲ್ಲಿ ಕೆಲಸ ಮಾಡುವವನು. ಇಬ್ಬರೂ ಒಂದೇ ಮನೆಯಲ್ಲಿ ಗಂಡ ಹೆಂಡಿರ ಹಾಗೆ ಸಂಸಾರ ಮಾಡಿಕೊಂಡಿದ್ದಾರೆ. ಅರ್ಧ ಭಾಗ ಮುಗಿಯುವ ಹೊತ್ತಿಗೆ ನನಗೆ ಇದು ಅರ್ಥವಾಗಿ, ಪಕ್ಕದಲ್ಲಿದ್ದ ಮಗಳ ಕಡೆ ನೋಡದೆ ಪರದೆಯನ್ನೇ ದಿಟ್ಟಿಸುತ್ತಾ ಕೂತೆ. ನಾಚಿಕೆಯೋ, ಗಾಬರಿಯೋ, ನೀವೇ ಊಹಿಸಿಕೊಳ್ಳಿ. ಆದರೂ ಎದ್ದು ಹೋಗಲಿಲ್ಲ. ಬದನೆಕಾಯಿ ಏನು ಮಾಡುತ್ತಾನೋ ನೋಡಬೇಕಿತ್ತಲ್ಲ!

ಫುಮಿ ಯೋಶಿನಾಗಾ ಎಂಬ ಲೇಖಕಿ 2007ರಿಂದ ಚಿತ್ರಕಥೆಯಾಗಿ ಬರೆಯುತ್ತಾ ಬಂದದ್ದನ್ನು ಟಿವಿ ಟೋಕಿಯೋ ವಾಹಿನಿ 2019ರಲ್ಲಿ ಹನ್ನೆರಡು ಭಾಗಗಳಲ್ಲಿ ತೋರಿಸಿತು. ಶಿರೋ ಆಗಿ ಹಿದೆತೋಶಿ ನಿಶಿಜಿಮಾ, ಕೆಂಜಿ ಆಗಿ ಸೆಯ್ಯೋ ಉಚಿನೋ, ಇಬ್ಬರೂ ಅಲ್ಲಿ ಹೆಸರಾಂತ ನಟರು. 2021ರಲ್ಲಿ ಸಿನಿಮಾ ಬಂತು, 2023ರಲ್ಲಿ ಎರಡನೇ ಸರಣಿ.

ಈ ಶಿರೋನ ಕೈಗೆ ಕೊಟ್ಟ ಲೆಕ್ಕದ ಪುಸ್ತಕ ನೋಡಿದರೆ ನೀವು ಅವನನ್ನು ನಿಮ್ಮ ಮಹಿಳಾ ಸಮಾಜದ ಖಜಾಂಚಿ ಮಾಡಿಬಿಡುತ್ತೀರಿ. ಇಬ್ಬರ ಊಟಕ್ಕೆ ತಿಂಗಳಿಗೆ 25,000 ಯೆನ್, ಅಷ್ಟೇ. ಟೋಕಿಯೋದಲ್ಲಿ ಇದು ಬಿಗಿಯಾದ ಲೆಕ್ಕ. ಆಫೀಸಿನಿಂದ ಹೊತ್ತಿಗೆ ಸರಿಯಾಗಿ ಹೊರಟು, ಅಂಗಡಿಯಲ್ಲಿ ಯಾವುದು ಅಗ್ಗ ಅಂತ ನೋಡಿ, ಮನೆಯಲ್ಲಿ ಉಳಿದ ಮೂಲಂಗಿ ಹಾಳಾಗುವ ಮುಂಚೆ ಏನು ಮಾಡಲಿ ಅಂತ ದಾರಿಯುದ್ದಕ್ಕೂ ಯೋಚಿಸುತ್ತಾ ಬರುತ್ತಾನೆ. ಒಮ್ಮೆ ಕಲ್ಲಂಗಡಿ ಹಣ್ಣು ಅಗ್ಗಕ್ಕೆ ಸಿಗುತ್ತದೆ, ಇಬ್ಬರಿಗೆ ಅದು ಹೆಚ್ಚು. ಅಂಗಡಿಯಲ್ಲಿ ಎದುರಾದ ಅಪರಿಚಿತ ಗೃಹಿಣಿಯೊಬ್ಬಳ ಜೊತೆ ಅರ್ಧರ್ಧ ಹಂಚಿಕೊಳ್ಳುತ್ತಾನೆ. ಅಲ್ಲಿಂದ ಆಕೆಯೂ ಅವನೂ ಒಳ್ಳೆಯ ಸ್ನೇಹಿತರು. ಆಫೀಸಿನಲ್ಲಿ ಯಾರಿಗೂ ಹೇಳದ ಗುಟ್ಟು ಆಕೆಗೆ ಗೊತ್ತು.

ಇನ್ನು ಪ್ರೀತಿ ಪ್ರೇಮದ ವಿಷಯ. ಮುಟ್ಟುವುದು, ತಬ್ಬಿಕೊಳ್ಳುವುದು ಬಲು ಅಪರೂಪ. ಶಿರೋ ಸಾರಿನ ಬಟ್ಟಲು ಮುಂದಿಡುತ್ತಾನೆ, ಕೆಂಜಿ ಒಂದು ತುತ್ತು ತಿಂದು ಕಣ್ಣು ಮುಚ್ಚಿ ‘ಆಹಾ’ ಎನ್ನುತ್ತಾನೆ, ಶಿರೋ ಮುಖ ಗಂಟಿಕ್ಕಿಕೊಂಡೇ ಒಳಗೊಳಗೆ ಅರಳುತ್ತಾನೆ. ಅವರ ಅನ್ಯೋನ್ಯ ಎಂದರೆ ಇದು. ಯೋಚಿಸಿ ನೋಡಿ, ಇದು ನಮಗೇನು ಹೊಸದೇ? ನಮ್ಮ ಯಜಮಾನರು ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ‘ಪ್ರೀತಿ’ ಅನ್ನುವ ಮಾತು ಆಡಿಲ್ಲ. ಹುಳಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರೆ ನನಗೆ ತಿಳಿಯುತ್ತದೆ.

ಆದರೆ ಒಂದು ಮಾತು. ಗಂಡು ಹೆಣ್ಣಿನ ಕಥೆಯಲ್ಲಿ ತೋರಿಸುವುದನ್ನು ಇವರ ಕಥೆಯಲ್ಲಿ ತೋರಿಸದಿರುವುದು ಬರೀ ಮರ್ಯಾದೆಯೋ, ಅಂಜಿಕೆಯೋ? ನನಗೆ ಅನುಮಾನವಿದೆ. 2020ರ ‘ಚೆರ್ರಿ ಮ್ಯಾಜಿಕ್’ ಅಂತ ಒಂದಿದೆ. ಮೂವತ್ತು ತುಂಬುವ ತನಕ ಬ್ರಹ್ಮಚಾರಿಯಾಗಿದ್ದ ಗುಮಾಸ್ತನಿಗೆ, ಯಾರನ್ನು ಮುಟ್ಟಿದರೂ ಅವರ ಮನಸ್ಸಿನ ಮಾತು ಕೇಳಿಸುವ ವರ ಸಿಗುತ್ತದೆ. ಆಫೀಸಿನ ಸುಂದರಾಂಗ ಸಹೋದ್ಯೋಗಿಯ ಮನಸ್ಸಿನಲ್ಲಿ ತಾನೇ ಇದ್ದೇನೆಂದು ಅವನಿಗೆ ತಿಳಿಯುತ್ತದೆ. ಬಲು ಮುದ್ದಾದ ಕಥೆ. ಕೊನೆಯ ಭಾಗದಲ್ಲಿ ಇಬ್ಬರೂ ಮುತ್ತಿಡಲು ಮುಖ ಹತ್ತಿರ ತರುತ್ತಾರೆ, ಲಿಫ್ಟಿನ ಬಾಗಿಲು ಮುಚ್ಚಿಬಿಡುತ್ತದೆ! ನಮ್ಮ ಹಳೆಯ ಸಿನಿಮಾಗಳಲ್ಲಿ ಎರಡು ಹೂವು ತಾಗಿಸುತ್ತಿದ್ದರಲ್ಲ, ಹಾಗೆ. ಮಗಳಿಗೆ ಕೋಪ ಬಂತು. ನಾನು ‘ಹೋಗಲಿ ಬಿಡೇ’ ಅಂದೆ. ಅವಳು, ‘ಅಮ್ಮಾ, ಹುಡುಗಿ ಇದ್ದಿದ್ರೆ ಬಾಗಿಲು ಮುಚ್ತಿತ್ತಾ?’ ಅಂದಳು. ಉತ್ತರ ಹೊಳೆಯಲಿಲ್ಲ.

ಹಾಗಂತ ಜಪಾನಿನವರು ಯಾವತ್ತೂ ತೋರಿಸಿಲ್ಲವೆಂದಲ್ಲ. 1993ರಲ್ಲೇ ‘ದೋಸೋಕಾಯ್’ ಎಂಬ ಧಾರಾವಾಹಿ ಮದುವೆಯಾದ ಗಂಡಸಿನ ಸಲಿಂಗ ಪ್ರೇಮದ ಕಥೆ ಹೇಳಿತ್ತು. ಹಾಸಿಗೆಯ ದೃಶ್ಯಗಳೂ ಇದ್ದವು, ಹೆಂಡತಿಯ ಸಂಕಟವೂ ಇತ್ತು. 2018ರ ‘ಓಸ್ಸಾನ್ಸ್ ಲವ್’ ಹಾಸ್ಯದ್ದು: ಮೂವತ್ತು ವರ್ಷ ಸಂಸಾರ ಮಾಡಿದ ಮೇಲಧಿಕಾರಿಯೊಬ್ಬ ತನ್ನ ಕೈಕೆಳಗಿನ ಹುಡುಗನನ್ನು ಪ್ರೀತಿಸಲು ಹೊರಡುತ್ತಾನೆ. ಎಲ್ಲರೂ ನಗುತ್ತಾರೆ, ನನಗೆ ಮಾತ್ರ ಆತನ ಹೆಂಡತಿಯದೇ ಚಿಂತೆ. ಇವೆಲ್ಲ ಹೆಚ್ಚಾಗಿ ತಡರಾತ್ರಿ ಬರುವಂಥವು. ಶಿರೋ ಕೆಂಜಿ ಕಥೆಯೂ ಶುಕ್ರವಾರ ಹನ್ನೆರಡು ಹೊಡೆದ ಮೇಲೆಯೇ.

ಹೆಂಗಸರಿಬ್ಬರ ಕಥೆಯೂ ಇದೆ. ‘ಅಡಿಗೆ ಮಾಡಬೇಕೆನ್ನುವವಳು, ಊಟ ಮಾಡಬೇಕೆನ್ನುವವಳು’ ಅಂತ ಅದರ ಹೆಸರಿನ ಅರ್ಥ. ಸಕಾಓಮಿ ಯುಝಾಕಿ ಅವರ ಚಿತ್ರಕಥೆ. ಅಲ್ಲಿಯ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ 2022ರಲ್ಲಿ ದಿನಕ್ಕೆ ಹದಿನೈದೇ ನಿಮಿಷದಂತೆ ತೋರಿಸಿತು, 2024ರಲ್ಲಿ ಮುಂದುವರಿಸಿತು. ನೊಮೊತೊ ಎಂಬಾಕೆಗೆ ದೊಡ್ಡ ಪಾತ್ರೆಯಲ್ಲಿ ಅಡಿಗೆ ಮಾಡುವ ಆಸೆ, ತಿನ್ನುವುದು ಗುಬ್ಬಚ್ಚಿಯಷ್ಟು. ಆಫೀಸಿಗೆ ಬುತ್ತಿ ತಂದರೆ ‘ಒಳ್ಳೇ ಹೆಂಡತಿಯಾಗ್ತೀಯ’ ಎಂಬಂಥ ಹೊಗಳಿಕೆ. ತನ್ನ ಸಂತೋಷಕ್ಕೆ ಮಾಡುವುದನ್ನೂ ಯಾವನೋ ಗಂಡಸಿನ ಲೆಕ್ಕಕ್ಕೆ ಬರೆದುಬಿಡುತ್ತಾರಲ್ಲ ಅಂತ ಅವಳಿಗೆ ಮೈ ಉರಿ. ಅದೇ ಮಹಡಿಯಲ್ಲಿರುವ ಕಸುಗಾಗೆ ದೊಡ್ಡ ಮೈ, ಸಣ್ಣ ಮಾತು, ಭರ್ತಿ ಹಸಿವು. ನೊಮೊತೊ ಒಂದು ದಿನ ಧೈರ್ಯ ಮಾಡಿ ಅವಳನ್ನು ಊಟಕ್ಕೆ ಕರೆಯುತ್ತಾಳೆ. ಅಲ್ಲಿಂದ ಮೆಲ್ಲಮೆಲ್ಲಗೆ, ಉರಿ ಸಣ್ಣಗಿಟ್ಟು ಹಾಲು ಕಾಯಿಸಿದ ಹಾಗೆ, ಪ್ರೀತಿ.

ಕಸುಗಾ ಹೋಟೆಲಿಗೆ ಹೋದರೆ, ಹೆಂಗಸು ಅಂತ ಮಾಲೀಕ ಅವಳ ಬಟ್ಟಲಿಗೆ ಕೇಳದೆಯೇ ಕಡಿಮೆ ಅನ್ನ ಹಾಕುತ್ತಾನೆ. ಎಲ್ಲರಿಗೂ ಹಾಕುವಷ್ಟೇ ಹಾಕಿ ಎಂದು ಅವಳು ಶಾಂತವಾಗಿ ಹೇಳುತ್ತಾಳೆ. ಅವಳು ಬೆಳೆದ ಮನೆಯಲ್ಲೂ ಗಂಡಸರಿಗೆ ಹೆಚ್ಚು ಪಾಲು, ಹೆಂಗಸರಿಗೆ ಉಳಿದದ್ದು. ಈ ಭಾಗ ನೋಡಿದಾಗ ನಾನು ಟ್ಯಾಬ್ ನಿಲ್ಲಿಸಿ ಸುಮ್ಮನೆ ಕೂತೆ. ನಾನೇ ಎಷ್ಟು ವರ್ಷ ಪಾತ್ರೆಯ ತಳ ಕೆರೆದುಕೊಂಡು ಉಂಡಿಲ್ಲ! ಯಾರೂ ಹಾಗೆ ಮಾಡು ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ನೊಮೊತೊ ಆ ಹುಡುಗಿಯ ಮುಂದೆ ಬೆಟ್ಟದಂತೆ ಅನ್ನ ಬಡಿಸಿ, ಅವಳು ಉಣ್ಣುವುದನ್ನೇ ನೋಡುತ್ತಾ ಕೂರುತ್ತಾಳಲ್ಲ, ಅದಕ್ಕಿಂತ ಮುದ್ದು ಇನ್ನೇನಿದೆ ಅನ್ನಿಸಿತು.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನನಗೊಬ್ಬ ಗೆಳತಿ. ಹೆಸರು ಬೇಡ, ಊರೂ ಬೇಡ. ಆಕೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಒಂದು ಮಧ್ಯಾಹ್ನ ಸಂಡಿಗೆ ಒಣಹಾಕಲು ಬಂದವಳು ಶಿರೋನ ಮೊದಲ ಭಾಗವನ್ನು ನನ್ನ ಜೊತೆ ನೋಡಿದಳು. ಅದರಲ್ಲಿ ಶಿರೋನ ತಾಯಿ ಬರುತ್ತಾಳೆ. ಮಗನ ವಿಷಯ ಆಕೆಗೆ ಗೊತ್ತು. ತಾನು ದೊಡ್ಡ ಮನಸ್ಸಿನವಳು ಅಂತ ತೋರಿಸಿಕೊಳ್ಳಲು, ನೀನು ಸಲಿಂಗಿಯಾಗಿರು, ಅಪರಾಧಿಯೇ ಆಗಿರು, ನಾನು ಒಪ್ಪಿಕೊಳ್ಳುತ್ತೇನೆ ಎಂಬರ್ಥದ ಮಾತಾಡುತ್ತಾಳೆ. ನಾನು ನಕ್ಕೆ. ಪಕ್ಕದಲ್ಲಿ ಗೆಳತಿ ನಗಲಿಲ್ಲ. ‘ಇನ್ನೊಂದ್ಸಲ ಹಾಕು’ ಅಂದಳು. ಹಾಕಿದೆ. ಸೆರಗಿನಿಂದ ಮುಖ ಒರೆಸಿಕೊಂಡು, ‘ನಾನೂ ಹೀಗೇ ಅಂದಿದ್ದೆ ಕಣೆ’ ಅಂದಳು.

ಅವಳ ಮಗ ಎರಡು ವರ್ಷದ ಹಿಂದೆ ಹೇಳಿಕೊಂಡಿದ್ದನಂತೆ. ಇವಳು ಮೊದಲು ಅತ್ತಳು, ಆಮೇಲೆ ಡಾಕ್ಟರ ಹತ್ತಿರ ಹೋಗೋಣ ಅಂದಳು, ಕಡೆಗೆ ‘ನೀನು ಎಂಥವನಾದರೂ ನನ್ನ ಮಗನೇ’ ಅಂದಳು. ಆ ‘ಎಂಥವನಾದರೂ’ ಅನ್ನುವುದು ಅವನಿಗೆ ಚುಚ್ಚಿತು. ಅಂದಿನಿಂದ ಹಬ್ಬಕ್ಕೆ ಬಂದಿಲ್ಲ. ರಜೆ ಇಲ್ಲ ಅನ್ನುತ್ತಾನೆ. ಇವಳು ಯಜಮಾನರಿಗೂ ಹೇಳದೆ ಒಬ್ಬಳೇ ನುಂಗಿಕೊಂಡಿದ್ದಾಳೆ.

ಇದು ಕಾಯಿಲೆಯಲ್ಲ ಎಂದು ನಾನು ಅವಳಿಗೆ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಪೊಲೀಸರ ಭಯವೂ ಅವಳಿಗಿತ್ತು, ಪಾಪ. 2018ರ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಇದು ಅಪರಾಧವಲ್ಲ ಎಂದಿತು, ಆದರೆ 2023ರ ಅಕ್ಟೋಬರಿನಲ್ಲಿ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಜಪಾನಿನಲ್ಲೂ ಈ ಕಥೆಗಳು ಬಂದ ಕಾಲಕ್ಕೆ ಅಂಥ ಮದುವೆಗೆ ದೇಶದ ಕಾನೂನಿನಲ್ಲಿ ಜಾಗವಿರಲಿಲ್ಲ. 2015ರಿಂದ ಟೋಕಿಯೋದ ಶಿಬುಯಾದಂಥ ಕಡೆ ಜೋಡಿಗಳಿಗೆ ಒಂದು ಪ್ರಮಾಣ ಪತ್ರ ಕೊಡುತ್ತಿದ್ದರು, ಅಷ್ಟೇ. ಹಾಗಾಗಿ ಧಾರಾವಾಹಿಯಲ್ಲಿ ವಯಸ್ಸಾದ ಒಬ್ಬಾತ ವಕೀಲ ಶಿರೋನಲ್ಲಿಗೆ ಬಂದು, ತನ್ನ ಸಂಗಾತಿಯನ್ನು ದತ್ತು ತೆಗೆದುಕೊಳ್ಳುವುದು ಹೇಗೆ ಎಂದು ಕೇಳುತ್ತಾನೆ. ದುಡಿದ ಆಸ್ತಿ ಹಳ್ಳಿಯಲ್ಲಿರುವ ತಂದೆತಾಯಿಗೆ ಹೋಗಕೂಡದು, ಜೊತೆಗಿದ್ದವನಿಗೆ ಸೇರಬೇಕು. ತಂದೆತಾಯಿಯ ಮೇಲೆ ಅಷ್ಟು ಕಹಿ ತುಂಬಿಕೊಳ್ಳಬೇಕಾದರೆ ಏನಾಗಿರಬೇಕು ಅಂತ ಗೆಳತಿ ರಾತ್ರಿಯೆಲ್ಲ ಯೋಚಿಸಿದಳಂತೆ.

ಮುಂದಿನ ಭಾಗಗಳನ್ನು ನೋಡಲು ಅವಳು ದಿನಾ ಬರತೊಡಗಿದಳು. ಶಿರೋ ಹೊಸ ವರ್ಷಕ್ಕೆ ಕೆಂಜಿಯನ್ನು ತಂದೆತಾಯಿಯ ಮನೆಗೆ ಕರೆದೊಯ್ಯುತ್ತಾನೆ. ಹಿರಿಯರು ಮುಜುಗರಪಡುತ್ತಲೇ ಉಪಚಾರ ಮಾಡುತ್ತಾರೆ. ಹಿಂತಿರುಗುವ ದಾರಿಯಲ್ಲಿ ಕೆಂಜಿ ಸಂತೋಷಕ್ಕೆ ಅಳುತ್ತಾನೆ, ನಾವಿಬ್ಬರೂ ಅತ್ತೆವು. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಸಿನಿಮಾದಲ್ಲಿ ಶಿರೋ ಅವನನ್ನು ಹುಟ್ಟುಹಬ್ಬದ ನೆಪದಲ್ಲಿ ಕ್ಯೋಟೋಗೆ ಕರೆದುಕೊಂಡು ಹೋಗುತ್ತಾನೆ, ಎಂದೂ ಇಲ್ಲದ ಧಾರಾಳ. ಕಾರಣ ಆಮೇಲೆ ತಿಳಿಯುತ್ತದೆ: ಮುಂದಿನ ಹೊಸ ವರ್ಷಕ್ಕೆ ಕೆಂಜಿಯನ್ನು ಕರೆತರಬೇಡ ಎಂದು ಹೆತ್ತವರು ಹೇಳಿಬಿಟ್ಟಿರುತ್ತಾರೆ.

ನನಗೆ ಆ ತಾಯಿಯ ಮೇಲೆ ಸಿಟ್ಟು ಬಂತು. ಗೆಳತಿ ಮಾತ್ರ ಆಕೆಯ ಪರ ವಹಿಸಿದಳು. ‘ಒಂದು ಸಲ ಬಡಿಸಿದಳಲ್ಲ, ಅದಕ್ಕೆಷ್ಟು ಕಷ್ಟ ಆಗಿರುತ್ತೆ, ನಿನಗೇನು ಗೊತ್ತು?’ ಅಂದಳು. ನಾವಿಬ್ಬರೂ ಎರಡು ದಿನ ಇದೇ ವಿಷಯಕ್ಕೆ ವಾದ ಮಾಡಿದೆವು. ಇನ್ನೂ ಮುಗಿದಿಲ್ಲ. ನೀವಾಗಿದ್ದರೆ ಯಾರ ಕಡೆ?

ಮಗನಿಗೆ ಫೋನು ಮಾಡಿದಳೋ ಇಲ್ಲವೋ ನಾನು ಕೇಳಿಲ್ಲ. ಮೊನ್ನೆ ಬಂದವಳು, ಜಪಾನಿನವರ ಕ್ಯಾರೆಟ್ ಪಲ್ಯ ನೀನು ಮಾಡಿದ್ದೆಯಲ್ಲ, ಹುಡುಗರಿಗೆ ಹಿಡಿಸುತ್ತಾ, ಹೇಗೆ ಮಾಡೋದು ಅಂತ ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋದಳು. ಅಲ್ಲಿಯ ಮನೆಗಳಲ್ಲಿ ದಿನನಿತ್ಯ ಮಾಡುವ ಇದಕ್ಕೆ ಕಿನ್ಪಿರಾ ಎನ್ನುತ್ತಾರೆ. ನಿಮಗೂ ಹೇಳುತ್ತೇನೆ. ಎರಡು ಕ್ಯಾರೆಟ್ಟನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಳ್ಳೆಣ್ಣೆ ಕಾಯಿಸಿ, ಒಂದು ಒಣಮೆಣಸಿನಕಾಯಿ ಮುರಿದು ಹಾಕಿ, ಕ್ಯಾರೆಟ್ ಹಾಕಿ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ ಬಾಡಿಸಿ. ಒಂದೂವರೆ ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ ಹಾಕಿ ನೀರು ಇಂಗುವ ತನಕ ಕೈಯಾಡಿಸಿ. ಸಾಸಿನಲ್ಲೇ ಉಪ್ಪಿದೆ, ಬೇರೆ ಹಾಕಬೇಡಿ. ಹುರಿದ ಬಿಳಿ ಎಳ್ಳು ಉದುರಿಸಿ ಇಳಿಸಿ. ಇಬ್ಬರಿಗೆ ಸಾಕಾಗುತ್ತದೆ.